ಮನೆಯ ಕುಂಡಗಳಲ್ಲಿ ಲೋಳೆಸರ, ಕಳ್ಳಿ ಮುಂತಾದ ರಸಸಸ್ಯಗಳ ಪೋಷಣೆ

ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ದೃಷ್ಟಿದೋಷವು ತಾಕದಿರಲೆಂದು ಲೋಳೆಸರದ ಗಿಡವೊಂದನ್ನು ಬೇರುಸಹಿತ ಕಿತ್ತು ತಲೆಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕುವ ರೂಢಿಯುಂಟು. ಅದಕ್ಕೆ ಮಣ್ಣಿಲ್ಲ, ಯಾರೂ ನೀರೆರೆಯುವುದೂ ಇಲ್ಲ. ಆದರೂ ಅದು ತಿಂಗಳುಗಟ್ಟಲೆ ಹಸುರಾಗಿಯೇ ಇದ್ದು, ಕೆಲವು ವೇಳೆ ಹೊಸ ಎಲೆಯನ್ನೂ ಬಿಡುತ್ತದೆ. ಅದೇ ಮನೆಯ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕಕ್ಕೆ ಕುಂಡದಲ್ಲಿಟ್ಟ ಇನ್ನೊಂದು ಲೋಳೆಸರವಾದರೋ ಒಂದು ಮಳೆಗಾಲ ಕಳೆಯುವುದರೊಳಗೆ ಬುಡ ಕೊಳೆತು ಮಗುಚಿಬೀಳುತ್ತದೆ. ತುಳಸಿಗೆ ಪ್ರತಿದಿನವೂ ಭಕ್ತಿಯಿಂದ ಎರೆದ ತಂಬಿಗೆಯಲ್ಲಿ ಮಿಕ್ಕ ನೀರನ್ನು ಇದಕ್ಕೂ ಎರೆದದ್ದೇ ಇದಕ್ಕೆ ಕಾರಣ. ತೂಗುಹಾಕಿದ ಗಿಡವು ಬದುಕಿತು, ಆರೈಕೆ ಪಡೆದ ಗಿಡವು ಸತ್ತಿತು. ಈ ಜಾತಿಯ ಸಸ್ಯಗಳ ಪೋಷಣೆಯಲ್ಲಿ ಕಲಿಯಬೇಕಾದ ಮುಖ್ಯ ಪಾಠವೆಲ್ಲವೂ ಈ ಒಂದು ಸಂಗತಿಯಲ್ಲಿ ಅಡಗಿದೆ.

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗ್ರಾಮಗಳಲ್ಲಿ ಈಚೆಗೆ ಮನೆಯ ಜಗಲಿ, ಮಹಡಿ, ಕಿಟಕಿಗಳ ಬಳಿ ಇಂತಹ ಗಿಡಗಳ ಕುಂಡಗಳನ್ನಿಡುವ ಅಭಿರುಚಿಯು ಬೆಳೆಯುತ್ತಿದೆ. ಹಣ ಕೊಟ್ಟು ತಂದ ಗಿಡಗಳು ಕೆಲವೇ ತಿಂಗಳಲ್ಲಿ ನಾಶವಾಗುವುದರಿಂದ ಮನೆಯವರು ಬೇಸರಪಡುವುದೂ ಉಂಟು. ಗ್ರಾಮದ ಯಜಮಾನರೂ ಜಮೀನುದಾರರೂ ಇದನ್ನು ಕೇವಲ ಮನೆಯ ಅಲಂಕಾರದ ವಿಷಯವೆಂದು ಭಾವಿಸಬಾರದು. ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುವುದಕ್ಕೂ, ನಾಲೆಯ ಬಯಲಿನಲ್ಲಿ ಒಳ್ಳೆಯ ಗದ್ದೆಯು ಜೌಗು ಹಿಡಿದು ಚೌಳಾಗುವುದಕ್ಕೂ ಮೂಲವು ಒಂದೇ ಆಗಿದೆ. ಆದಕಾರಣ ಕುಂಡದ ಪೋಷಣೆಯನ್ನು ಚೆನ್ನಾಗಿ ತಿಳಿದವನು ಭೂಮಿಯ ಪೋಷಣೆಯ ಒಂದು ಮುಖ್ಯ ತತ್ತ್ವವನ್ನೂ ತಿಳಿದಂತಾಗುತ್ತದೆ.

೧. ಈ ಸಸ್ಯಗಳು ಯಾವುವು?

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಶೇಖರಿಸಿಟ್ಟುಕೊಂಡು ಬರಗಾಲದಲ್ಲಿ ಅದರಿಂದಲೇ ಜೀವಿಸುವ ಗಿಡಗಳಿಗೆ ರಸಸಸ್ಯಗಳೆಂದು ಹೇಳಬಹುದು. ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿ, ಎಲೆಗಳ್ಳಿ, ಮಂಗರವಳ್ಳಿ, ಕಾಡುಬಸಳೆ, ದೊಡ್ಡಪತ್ರೆ ಇವೆಲ್ಲವೂ ನಮ್ಮ ಜನರಿಗೆ ಪರಿಚಿತವಾದವುಗಳೇ. ಸಸ್ಯ ಮಾರುವವರಲ್ಲಿ ದೊರೆಯುವ ಅಡೇನಿಯಂ, ಕಲಾಂಚೊ, ಹಾವರ್ತಿಯ ಮೊದಲಾದವುಗಳು ಈಚೆಗೆ ಬಂದವು. ಇವುಗಳಲ್ಲಿ ಅನೇಕವು ಪರದೇಶದವು. ಲೋಳೆಸರದ ಮೂಲಸ್ಥಾನ ಅರೇಬಿಯಾ. ಕತ್ತಾಳೆ, ಪಾಪಾಸುಕಳ್ಳಿಗಳದು ಅಮೆರಿಕಾ ಖಂಡ. ಅಲ್ಲಿ ಒಂದು ಸಾರಿ ಜೋರಾಗಿ ಮಳೆ ಬಂದು, ನೀರು ಕಲ್ಲುನೆಲದಲ್ಲಿ ಬೇಗನೆ ಬಸಿದುಹೋಗಿ, ಬಳಿಕ ಬಹುಕಾಲ ಒಣಗಾಳಿ ಬೀಸುತ್ತದೆ. ಗಿಡದ ಬೇರುಗಳು ಈ ಕ್ರಮಕ್ಕೆ ಒಗ್ಗಿಕೊಂಡಿವೆ. ಒದ್ದೆ, ಅನಂತರ ಪೂರ್ಣ ಒಣಗು, ಮತ್ತೆ ಒದ್ದೆ: ಈ ಸರದಿಯನ್ನು ಕುಂಡದಲ್ಲಿ ಒದಗಿಸಿಕೊಡುವುದೇ ಪೋಷಣೆಯ ರಹಸ್ಯ.

ಈ ಗಿಡಗಳು ಉಸಿರಾಡುವ ರೀತಿಯೂ ವಿಶೇಷವಾದುದು. ಭತ್ತ, ರಾಗಿ ಮುಂತಾದ ಬೆಳೆಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ. ಆಗ ನೀರೂ ಆವಿಯಾಗಿ ಹೋಗುತ್ತದೆ. ರಸಸಸ್ಯಗಳಲ್ಲಿ ಬಹುಪಾಲು ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ತೆರೆದು, ಒಳಗೆ ತೆಗೆದುಕೊಂಡ ಗಾಳಿಯ ಅಂಶವನ್ನು ಹುಳಿಯ ರೂಪದಲ್ಲಿ ಬೆಳಗಿನವರೆಗೆ ಕೂಡಿಟ್ಟುಕೊಳ್ಳುತ್ತವೆ. ಇದಕ್ಕೆ ಸಂಬಂಧಿಸಿದ ಮೊದಲ ಗಮನಗಳಲ್ಲಿ ಒಂದು ನಮ್ಮ ಸೀಮೆಯೊಡನೆ ಸಂಬಂಧವುಳ್ಳದ್ದೆಂಬುದು ಸಂತೋಷದ ವಿಷಯ. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ತರುವಾಯ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞರು, ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿಯೂ, ಮಧ್ಯಾಹ್ನ ರುಚಿಯಿಲ್ಲದೆಯೂ, ಸಾಯಂಕಾಲ ಕಹಿಯಾಗಿಯೂ ಇರುವುದನ್ನು ನಾಲಗೆಯಿಂದಲೇ ಕಂಡುಕೊಂಡರು. ಅವರ ಬರಹವು ೧೮೧೫ರಲ್ಲಿ ಪ್ರಕಟವಾಯಿತು. ಹುಳಿಯ ಕಾರಣವು ಪೂರ್ಣವಾಗಿ ತಿಳಿದುಬಂದದ್ದು ಬಹುಕಾಲದ ಮೇಲೆ. (ಕಾಡುಬಸಳೆಯಲ್ಲಿ ವಿಷಾಂಶವಿರುವುದರಿಂದ ಈ ಪರೀಕ್ಷೆಯನ್ನು ಯಾರೂ ಮನೆಯಲ್ಲಿ ಮಾಡಬಾರದು.) ಹೀಗೆ ನೀರನ್ನು ಅತ್ಯಂತ ಮಿತವಾಗಿ ವ್ಯಯಿಸುವ ಗಿಡಕ್ಕೆ ದಿನವೂ ನೀರುಣಿಸುವುದು ಹೊಟ್ಟೆ ತುಂಬಿದವನಿಗೆ ಬಲವಂತವಾಗಿ ಉಣಿಸಿದಂತೆ.

೨. ಕುಂಡ

ಸುಟ್ಟ ಮಣ್ಣಿನ ಕುಂಡವೇ ಉತ್ತಮ. ಅದರ ಗೋಡೆಯ ಮೂಲಕವೂ ತೇವವು ಆರಿಹೋಗುತ್ತದೆ. ಪ್ಲಾಸ್ಟಿಕ್ ಮತ್ತು ಗಾಜುಬಣ್ಣದ ಪಿಂಗಾಣಿ ಕುಂಡಗಳಲ್ಲಿ ಮಣ್ಣು ಎರಡರಷ್ಟು ಕಾಲ ಒದ್ದೆಯಾಗಿರಬಹುದಾದುದರಿಂದ ಅವುಗಳಿಗೆ ನೀರನ್ನು ಇನ್ನೂ ತಡವಾಗಿ ಕೊಡತಕ್ಕದ್ದು. ಗಿಡದ ಬೇರಿನ ಮುದ್ದೆಗಿಂತ ಒಂದೆರಡು ಅಂಗುಲ ಮಾತ್ರ ಅಗಲವಾದ ಕುಂಡವನ್ನು ಆರಿಸಬೇಕು. ದೊಡ್ಡ ಕುಂಡದಲ್ಲಿ ಚಿಕ್ಕ ಗಿಡವನ್ನಿಟ್ಟರೆ ಬೇರಿಲ್ಲದ ಕಡೆಯ ಮಣ್ಣು ಒಣಗದೆ ಹುಳಿತು ಕೊಳೆಯುತ್ತದೆ.

ಕುಂಡದ ತಳದಲ್ಲಿ ತೂತು ಇರಲೇಬೇಕು. ಹಳೆಯ ಪಾತ್ರೆ, ಡಬ್ಬಿ, ತೆಂಗಿನ ಚಿಪ್ಪು ಯಾವುದನ್ನು ಉಪಯೋಗಿಸಿದರೂ ಮೊದಲು ತೂತು ಕೊರೆದ ಮೇಲೆಯೇ ಮಣ್ಣು ತುಂಬಬೇಕು. ಗದ್ದೆಗೆ ಬಸಿಗಾಲುವೆ ಹೇಗೋ ಕುಂಡಕ್ಕೆ ಈ ತೂತು ಹಾಗೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರನ್ನು ಬೋರಲಾಗಿಟ್ಟರೆ ಸಾಕು. ಕೆಲವರು ಕುಂಡದ ಅರ್ಧದವರೆಗೂ ಜಲ್ಲಿಕಲ್ಲು ತುಂಬಿ, ಮೇಲೆ ಜೇಡಿಮಣ್ಣು ಹಾಕಿ, ನೀರು ಚೆನ್ನಾಗಿ ಬಸಿಯುವುದೆಂದು ನಂಬುತ್ತಾರೆ. ಇದು ತಪ್ಪು. ಸಣ್ಣ ಕಣದ ಮಣ್ಣು ತನ್ನ ಕೆಳಗಿರುವ ಕಲ್ಲಿಗೆ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆಯ ಪದರವು ಬೇರಿನ ಹತ್ತಿರಕ್ಕೇ ಏರಿ ನಿಲ್ಲುತ್ತದೆ. ಬಸಿಯುವ ಗುಣವು ಮೇಲಿಂದ ಕೆಳಗಿನವರೆಗೆ ಮಣ್ಣಿನಲ್ಲಿಯೇ ಇರಬೇಕು.

೩. ಮಣ್ಣು

ಈ ಮೂರು ತಾಲ್ಲೂಕುಗಳ ರೈತರಿಗೆ ಇಲ್ಲಿ ಒಂದು ವಿಚಿತ್ರವು ಕಂಡುಬರುತ್ತದೆ. ಬೇಸಾಯಕ್ಕೆ ಶ್ರೇಷ್ಠವಾದ ಮಣ್ಣು ಈ ಕುಂಡಗಳಿಗೆ ಕೆಟ್ಟದ್ದು. ಬೇಸಾಯಕ್ಕೆ ಬಾರದೆಂದು ಬೀಳುಬಿಟ್ಟ ಮಣ್ಣೇ ಒಳ್ಳೆಯದು. ಗದ್ದೆಯ ಜೇಡಿಮಣ್ಣು, ಹೊಲಕ್ಕೆ ಗಾಡಿಗಟ್ಟಲೆ ಹೊಡೆಯುವ ಕೆರೆಗೋಡು, ಸಕ್ಕರೆ ಕಾರ್ಖಾನೆಯ ಮಡ್ಡಿಗೊಬ್ಬರ ಇವು ಯಾವುವೂ ಸಲ್ಲವು. ನಾಲೆಯ ನೀರು ಹತ್ತದ ದಿಣ್ಣೆಗಳ ಮೇಲಿನ ಕೆಂಪು ಗರಸುಮಣ್ಣು ಅತ್ಯುತ್ತಮ. ಮಿಶ್ರಣವನ್ನು ಈ ಪ್ರಮಾಣದಲ್ಲಿ ಮಾಡಬಹುದು:

ಕೆಂಪು ಗರಸುಮಣ್ಣು — ೨ ಪಾಲು
ದಪ್ಪ ಮರಳು ಅಥವಾ ಸಾಸಿವೆಯಿಂದ ಕಡಲೆಕಾಳಿನ ಗಾತ್ರದ ಇಟ್ಟಿಗೆಚೂರು — ೨ ಪಾಲು
ಚೆನ್ನಾಗಿ ಕಳಿತು ಪುಡಿಯಾದ ಕೊಟ್ಟಿಗೆಗೊಬ್ಬರ — ಅರ್ಧ ಪಾಲು
ಭತ್ತದ ಹೊಟ್ಟನ್ನು ಬೂದಿಯಾಗದಂತೆ ಕರಿಮಾಡಿದ್ದು — ಅರ್ಧ ಪಾಲು

ಕಲ್ಲನ್ನು ಪುಡಿಮಾಡಿದ ಮರಳನ್ನು ಉಪಯೋಗಿಸುವುದಾದರೆ ಜರಡಿಹಿಡಿದು ತೊಳೆದು ನಯವಾದ ಧೂಳನ್ನು ತೆಗೆದುಹಾಕಬೇಕು. ಇಲ್ಲವಾದರೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಆಲೆಮನೆಯ ಒಲೆಯ ಬೂದಿಯಲ್ಲಿ ಕ್ಷಾರವು ಹೆಚ್ಚಾಗಿರುವುದರಿಂದ ಅದನ್ನು ಕುಂಡಕ್ಕೆ ಸೇರಿಸಬಾರದು. ಹಸಿಗೊಬ್ಬರವನ್ನಂತೂ ಎಂದಿಗೂ ಹಾಕಕೂಡದು.

ಮಿಶ್ರಣವು ಸರಿಯಾಗಿದೆಯೇ ಎಂಬುದನ್ನು ಹೀಗೆ ಪರೀಕ್ಷಿಸಬಹುದು. ಒದ್ದೆಮಾಡಿದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಸುಕಿ ಕೈ ಬಿಚ್ಚಿದಾಗ ಅದು ಉಂಡೆಯಾಗಿ ನಿಲ್ಲದೆ ಬಿರಿದು ಉದುರಬೇಕು. ಕುಂಡಕ್ಕೆ ತುಂಬಿ ಒಂದು ಚೊಂಬು ನೀರೆರೆದರೆ ಮೇಲೆ ಕೆರೆಯಂತೆ ನಿಲ್ಲದೆ ಒಳಗಿಳಿದು, ಸ್ವಲ್ಪ ಹೊತ್ತಿನಲ್ಲಿಯೇ ತಳದ ತೂತಿನಿಂದ ಹೊರಬರಬೇಕು.

೪. ನೀರು

ಕುಂಡಗಳ ನಾಶಕ್ಕೆ ಹತ್ತರಲ್ಲಿ ಒಂಬತ್ತು ಪಾಲು ನೀರೇ ಕಾರಣವೆಂದರೆ ಅತಿಶಯೋಕ್ತಿಯಲ್ಲ. ಇದಕ್ಕೆ ನಿಯಮವು ಎರಡೇ. ಮಣ್ಣು ತಳದವರೆಗೂ ಒಣಗುವ ತನಕ ನೀರೆರೆಯಬಾರದು. ಎರೆಯುವಾಗ ತಳದಿಂದ ನೀರು ಹರಿದುಬರುವಷ್ಟು ಧಾರಾಳವಾಗಿ ಎರೆಯಬೇಕು. ದಿನಕ್ಕೊಂದು ಗುಟುಕು ಚಿಮುಕಿಸುವವರು ಈ ಎರಡು ನಿಯಮಗಳನ್ನೂ ಮುರಿಯುತ್ತಾರೆ. ಮೇಲ್ಮಣ್ಣು ಸದಾ ತೇವವಾಗಿ ಬುಡವು ಕೊಳೆಯುತ್ತದೆ, ಕೆಳಗಿನ ಬೇರಿಗೆ ನೀರೇ ತಲುಪುವುದಿಲ್ಲ.

ಒಣಗಿದೆಯೇ ಎಂಬುದನ್ನು ಕಣ್ಣಿನಿಂದ ನಿಶ್ಚಯಿಸಲಾಗದು. ತೆಂಗಿನ ಗರಿಯ ಒಣ ಕಡ್ಡಿಯೊಂದನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ, ನೂರು ಎಣಿಸುವಷ್ಟು ಹೊತ್ತು ಬಿಟ್ಟು ತೆಗೆಯಬೇಕು. ಕಡ್ಡಿಯು ತಣ್ಣಗಿದ್ದರೆ ಅಥವಾ ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಕಾಯತಕ್ಕದ್ದು. ಅಭ್ಯಾಸವಾದ ಮೇಲೆ ಕುಂಡವನ್ನು ಎತ್ತಿನೋಡಿ ತೂಕದಿಂದಲೇ ತಿಳಿಯಬಹುದು.

ನಮ್ಮ ಹವೆಯಲ್ಲಿ ಋತುಗಳಿಗನುಸಾರವಾಗಿ ಸ್ಥೂಲವಾಗಿ ಈ ಕ್ರಮವನ್ನು ಅನುಸರಿಸಬಹುದು. ಫೆಬ್ರವರಿಯಿಂದ ಭರಣಿ ಮಳೆ ಬೀಳುವವರೆಗಿನ ಬೇಸಗೆಯಲ್ಲಿ, ಆರಂಗುಲದ ಮಣ್ಣಿನ ಕುಂಡಕ್ಕೆ ಐದರಿಂದ ಏಳು ದಿನಗಳಿಗೊಮ್ಮೆ, ಬೆಳಿಗ್ಗೆ ಅಥವಾ ಹೊತ್ತು ಇಳಿದ ಮೇಲೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದ ದಿನಗಳಲ್ಲಿ ಹತ್ತು ಹದಿನೈದು ದಿನಗಳಿಗೊಮ್ಮೆ. ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲವು ಅತ್ಯಂತ ಅಪಾಯಕರ. ಮಂಡ್ಯದ ಕಡೆ ವರ್ಷಕ್ಕೆ ಬೀಳುವ ಸುಮಾರು ೭೦೦ ಮಿಲಿಮೀಟರು ಮಳೆಯಲ್ಲಿ ದೊಡ್ಡ ಭಾಗವು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೇ ಬರುವುದರಿಂದ ಆಗ ಕುಂಡಗಳನ್ನು ಸೂರಿನ ಒಳಕ್ಕೆ ಸರಿಸಿ, ಪೂರ್ಣವಾಗಿ ಒಣಗಿದ ಹೊರತು ನೀರನ್ನೇ ಕೊಡಬಾರದು. ಡಿಸೆಂಬರ್, ಜನವರಿಗಳ ಚಳಿಯಲ್ಲಿ ಹದಿನೈದು ದಿನಗಳಿಗೊಮ್ಮೆ ಸಾಕು. ಈ ದಿನಗಳ ಲೆಕ್ಕವು ಮಾರ್ಗದರ್ಶನಕ್ಕೆ ಮಾತ್ರ. ಕಡ್ಡಿಯ ಪರೀಕ್ಷೆಯೇ ಪ್ರಮಾಣ.

ಕುಂಡದ ಕೆಳಗೆ ತಟ್ಟೆಯನ್ನಿಟ್ಟಿದ್ದರೆ ನೀರೆರೆದ ಅರ್ಧ ಗಂಟೆಯೊಳಗೆ ಅದನ್ನು ಬರಿದುಮಾಡಬೇಕು. ತಟ್ಟೆಯಲ್ಲಿ ನಿಂತ ನೀರು ಬೇರನ್ನು ಕೊಳೆಯಿಸುವುದಲ್ಲದೆ, ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಆ ಸೊಳ್ಳೆಯು ಶುದ್ಧವಾಗಿ ನಿಂತ ಅಲ್ಪ ನೀರಿನಲ್ಲಿಯೇ ಮೊಟ್ಟೆಯಿಟ್ಟು, ಏಳರಿಂದ ಹತ್ತು ದಿನಗಳಲ್ಲಿ ಹೊಸ ಸೊಳ್ಳೆಗಳು ಹೊರಡುತ್ತವೆ. ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವದಿಂದಿರುವುದರಿಂದ ತಟ್ಟೆಯನ್ನು ವಾರಕ್ಕೊಮ್ಮೆ ನಾರಿನಿಂದ ಉಜ್ಜಿ ತೊಳೆಯತಕ್ಕದ್ದು. ಮನೆಯಲ್ಲಿ ಮಕ್ಕಳಿರುವವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಕೊಳವೆಬಾವಿಯ ನೀರು ಗಡುಸಾಗಿರುವ ಕಡೆ ಕೆಲವು ತಿಂಗಳಲ್ಲಿ ಕುಂಡದ ಹೊರಮೈ ಮೇಲೆಯೂ ಮಣ್ಣಿನ ಮೇಲೆಯೂ ಬಿಳಿಯ ಹೊರಪು ಕಟ್ಟುತ್ತದೆ. ಇದು ನೀರು ಆವಿಯಾಗಿ ಉಳಿದ ಉಪ್ಪು. ಮಳೆಯ ನೀರನ್ನು ಹಿಡಿದಿಟ್ಟು ಎರಡು ಮೂರು ತಿಂಗಳಿಗೊಮ್ಮೆ ಕುಂಡದಲ್ಲಿ ಧಾರಾಳವಾಗಿ ಹರಿಯಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

೫. ಕುಂಡದಿಂದ ಗದ್ದೆಗೆ

ಇಲ್ಲಿ ಜಮೀನುದಾರರು ಒಂದು ಕ್ಷಣ ನಿಂತು ಯೋಚಿಸಬೇಕು. ೧೯೧೧ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಕಟ್ಟೆಯ ನೀರು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯ ಮೂಲಕ ೧೯೩೦ರ ದಶಕದಲ್ಲಿ ಈ ಸೀಮೆಗೆ ಬಂದಿತು. ರಾಗಿ, ಹುರುಳಿಗಳ ನೆಲದಲ್ಲಿ ಕಬ್ಬು, ಭತ್ತಗಳು ಬೆಳೆದವು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ನೀರು ತಂದ ಭಾಗ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಳಕ್ಕೆ ಬಂದ ನೀರಿಗೆ ಹೊರಕ್ಕೆ ದಾರಿಯಿಲ್ಲದ ತಗ್ಗುಪ್ರದೇಶಗಳಲ್ಲಿ ನೆಲವು ಜೌಗಾಗಿ, ಬೇಸಗೆಯಲ್ಲಿ ಮೇಲಕ್ಕೆ ಉಪ್ಪು ಹೂತು, ಬೆಳೆಯು ಹಳದಿಯಾಗುವುದನ್ನು ನಾಲೆಯ ಬಯಲಿನವರು ನೋಡಿಯೇ ಇದ್ದಾರೆ. ಕುಂಡದ ಅಂಚಿನ ಬಿಳಿಯ ಹೊರಪು ಇದೇ ರೋಗದ ಸಣ್ಣ ರೂಪ. ಎರಡಕ್ಕೂ ಚಿಕಿತ್ಸೆ ಒಂದೇ: ಬಸಿಯುವ ದಾರಿಯನ್ನು ತೆರೆಯುವುದು, ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದುಹಾಕುವುದು, ನೆಲಕ್ಕೆ ಆರಲು ಅವಕಾಶ ಕೊಡುವುದು. ತೂತಿಲ್ಲದ ಕುಂಡಕ್ಕೆ ಗಿಡವನ್ನು ನೆಡಬಾರದೆಂದು ಒಪ್ಪುವವರು, ಹೂಳು ತುಂಬಿದ ಬಸಿಗಾಲುವೆಯನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದು ಹೇಗೆ ಸರಿಯಾದೀತು? ಒಬ್ಬರ ಬಸಿಗಾಲುವೆ ಮುಚ್ಚಿದರೆ ಮೇಲಿನ ನಾಲ್ವರ ಗದ್ದೆಗೆ ಕೇಡು. ಈ ಕೆಲಸದಲ್ಲಿ ಊರಿನ ಯಜಮಾನರೇ ಮುಂದಾಗತಕ್ಕದ್ದು.

೬. ಬಿಸಿಲು, ಗೊಬ್ಬರ

ಲೋಳೆಸರ, ಕಳ್ಳಿ, ಅಡೇನಿಯಂಗಳಿಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆಗಳ ಬಿಸಿಲು ಬೇಕು. ಪೂರ್ವದಿಕ್ಕಿನ ಜಗಲಿಯು ಪ್ರಶಸ್ತವಾದ ಸ್ಥಳ. ಬೆಳಕು ಸಾಲದಿದ್ದರೆ ಗಿಡವು ಬಿಳಿಚಿಕೊಂಡು ಸೊರಗಿದ ಕತ್ತಿನಂತೆ ಉದ್ದವಾಗಿ ಬೆಳಕಿನ ಕಡೆಗೆ ವಾಲುತ್ತದೆ. ಹಾವರ್ತಿಯದಂತಹ ಸಣ್ಣ ಗಿಡಗಳು ಮಾತ್ರ ನೆರಳಿನ ಬೆಳಕಿನಲ್ಲಿಯೂ ಚೆನ್ನಾಗಿರುತ್ತವೆ. ನೆರಳಿನಲ್ಲಿ ಬೆಳೆಸಿ ಮಾರಿದ ಗಿಡವನ್ನು ತಂದ ದಿನವೇ ಮಹಡಿಯ ಸುಡುಬಿಸಿಲಿಗಿಟ್ಟರೆ ಎಲೆಗಳು ಬೆಂದು ಕಂದುಕಲೆ ಬೀಳುತ್ತವೆ. ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಬೇಕು. ಹಳೆಯ ತೊಟ್ಟಿಮನೆಗಳಲ್ಲಿ ತೊಟ್ಟಿಯ ಬೆಳಕು ಒಳ್ಳೆಯದಾದರೂ, ಸೂರಿನ ನೀರು ಧಾರೆಯಾಗಿ ಬೀಳುವ ಸಾಲಿನಲ್ಲಿ ಕುಂಡಗಳನ್ನಿಡಬಾರದು.

ಗೊಬ್ಬರದಲ್ಲಿ ಮಿತವೇ ಲೇಸು. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಒಂದು ಹಿಡಿ ಎರೆಗೊಬ್ಬರ ಸಾಕು. ಯೂರಿಯಾ ಹಾಕಿದರೆ ಗಿಡವು ನೀರಾಗಿ ಉಬ್ಬಿ, ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ಬೇಸಗೆಯ ಪ್ರಾರಂಭದಲ್ಲಿ ಮಣ್ಣನ್ನು ಬದಲಾಯಿಸುವುದು ಒಳ್ಳೆಯದು.

೭. ಸಸ್ಯಾಭಿವೃದ್ಧಿ

ಕಬ್ಬಿನ ತುಂಡನ್ನು ಕಡಿದ ಕೂಡಲೆ ಒದ್ದೆ ಸಾಲಿನಲ್ಲಿ ಊರಿ ಅಭ್ಯಾಸವಾದವರು ಇಲ್ಲಿ ತಪ್ಪುವುದುಂಟು. ರಸಸಸ್ಯದ ತುಂಡನ್ನು ಹಾಗೆ ಊರಿದರೆ ಗಾಯದ ಮೂಲಕ ಕೊಳೆರೋಗವು ಒಳಹೊಗುತ್ತದೆ. ಕತ್ತರಿಸಿದ ಎಲೆಯನ್ನು ನಾಲ್ಕೈದು ದಿನ, ದಪ್ಪನಾದ ಕಳ್ಳಿಯ ತುಂಡನ್ನು ಒಂದೆರಡು ವಾರ ನೆರಳಿನಲ್ಲಿ ಒಣಗಿಸಿ, ಗಾಯದ ಮೇಲೆ ಗಟ್ಟಿಯಾದ ಪೊರೆ ಕಟ್ಟಿದ ಮೇಲೆ ಮರಳುಮಣ್ಣಿನಲ್ಲಿ ನಿಲ್ಲಿಸಿ, ಒಂದು ವಾರದ ತರುವಾಯ ಮೊದಲ ನೀರನ್ನು ಕೊಡಬೇಕು. ಲೋಳೆಸರವು ಬಾಳೆಯ ಕಂದಿನಂತೆ ಬುಡದಲ್ಲಿ ಮರಿಗಳನ್ನು ಬಿಡುತ್ತದೆ. ಅವು ನಾಲ್ಕೈದು ಎಲೆಗಳಾದ ಮೇಲೆ ಬೇರುಸಹಿತ ಬೇರ್ಪಡಿಸಬಹುದು. ಕಾಡುಬಸಳೆಯ ಎಲೆಯನ್ನು ಮಣ್ಣಿನ ಮೇಲೆ ಮಲಗಿಸಿದರೆ ಅಂಚಿನ ಕಚ್ಚುಗಳಲ್ಲಿ ಸಣ್ಣ ಸಸಿಗಳು ತಾವೇ ಹುಟ್ಟುತ್ತವೆ.

೮. ರೋಗ ಮತ್ತು ಕೀಟಗಳು

ಬುಡವು ಮೆತ್ತಗಾಗಿ ಕಪ್ಪಾಗಿ ದುರ್ವಾಸನೆ ಬಂದರೆ ಅದು ಬೇರುಕೊಳೆ. ಆಗ ನೀರನ್ನು ನಿಲ್ಲಿಸುವುದರಿಂದ ಮಾತ್ರ ಗಿಡವು ಉಳಿಯದು. ಅದನ್ನು ಕಿತ್ತು, ಶುದ್ಧವಾದ ಚಾಕುವಿನಿಂದ ಕೊಳೆತ ಭಾಗವನ್ನು ಒಳಗಿನ ಆರೋಗ್ಯವಾದ ತಿರುಳು ಕಾಣುವವರೆಗೆ ಕೊಯ್ದು, ಮೇಲೆ ಹೇಳಿದಂತೆ ಒಣಗಿಸಿ ಹೊಸ ಮಣ್ಣಿನಲ್ಲಿ ನೆಡತಕ್ಕದ್ದು. ಎಲೆಗಳು ತೆಳ್ಳಗಾಗಿ ಸುಕ್ಕುಗಟ್ಟಿ ಮಣ್ಣು ಒಣಗಿದ್ದರೆ ಅದು ಬಾಯಾರಿಕೆ; ಒಂದು ಸಾರಿ ಚೆನ್ನಾಗಿ ನೀರೆರೆದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮಣ್ಣು ಒದ್ದೆಯಾಗಿದ್ದೂ ಎಲೆ ಸುಕ್ಕಿದರೆ ಬೇರು ಸತ್ತಿದೆಯೆಂದು ತಿಳಿಯಬೇಕು. ಈ ಭೇದವನ್ನರಿಯದೆ ಇನ್ನಷ್ಟು ನೀರೆರೆದು ಗಿಡವನ್ನು ಕೊಲ್ಲುವವರೇ ಹೆಚ್ಚು.

ಎಲೆಯ ಸಂದುಗಳಲ್ಲಿ ಹತ್ತಿಯಂತೆ ಬಿಳಿಯ ಗಂಟುಗಳು ಕಂಡರೆ ಅದು ಹಿಟ್ಟುತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಒಂದು ಲೀಟರು ನೀರಿಗೆ ೫ ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕಲಕಿ ಸಾಯಂಕಾಲ ಸಿಂಪಡಿಸಬೇಕು. ಇರುವೆಗಳು ಈ ಕೀಟವನ್ನು ಕಾಪಾಡುವುದರಿಂದ ಇರುವೆಗಳನ್ನೂ ದೂರವಿಡಬೇಕು.

೯. ಎಚ್ಚರಿಕೆಗಳು

ಎಲೆಗಳ್ಳಿ ಮುಂತಾದ ಹಾಲುಗಳ್ಳಿಗಳ ಹಾಲು ಕಣ್ಣಿಗೆ ಬಿದ್ದರೆ ತೀವ್ರವಾದ ಉರಿಯುಂಟಾಗಿ ದೃಷ್ಟಿಗೇ ಅಪಾಯ ಬರಬಹುದು. ಕೂಡಲೆ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಅಡೇನಿಯಂನ ರಸವು ವಿಷ. ಕಾಡುಬಸಳೆಯ ಜಾತಿಯ ಗಿಡಗಳನ್ನು ಮೇಯ್ದ ದನಗಳು ಹೃದಯದ ತೊಂದರೆಯಿಂದ ಸಾಯುವುದುಂಟು. ಇವನ್ನು ಕೊಟ್ಟಿಗೆಯ ಹತ್ತಿರ ಇಡಕೂಡದು. ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸವು ತೀವ್ರವಾದ ಭೇದಿಯನ್ನುಂಟುಮಾಡುವುದರಿಂದ ಗರ್ಭಿಣಿಯರು ಅದನ್ನು ಸೇವಿಸಬಾರದು.

ಬೇಡವಾದ ಕಳ್ಳಿಯ ತುಂಡುಗಳನ್ನು ನಾಲೆಯ ಏರಿಯ ಮೇಲಾಗಲಿ ಗೋಮಾಳದಲ್ಲಾಗಲಿ ಎಸೆಯಬಾರದು. ಬಿದ್ದ ಒಂದೊಂದು ತುಂಡೂ ಬೇರುಬಿಟ್ಟು ಪೊದೆಯಾಗುತ್ತದೆ. ಕೆಂಪು ಬಣ್ಣವನ್ನು ತೆಗೆಯುವ ಉದ್ದೇಶದಿಂದ ೧೭೯೫ರಲ್ಲಿ ಬ್ರೆಜಿಲ್ ದೇಶದಿಂದ ಭಾರತಕ್ಕೆ ತಂದ ಕೀಟವು ಬಣ್ಣಕ್ಕೆ ಬಾರದೆ, ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ನಾಶಮಾಡಿತು. ಆದರೆ ಇನ್ನೊಂದು ಜಾತಿಯು ದಕ್ಷಿಣದಲ್ಲಿ ಹಬ್ಬಿ ನೆಲವನ್ನು ಆಕ್ರಮಿಸಲು, ೧೯೨೬ರಲ್ಲಿ ಸಿಂಹಳದಿಂದ ಮತ್ತೊಂದು ಜಾತಿಯ ಕೀಟವನ್ನು ತರಿಸಿ ಬಿಟ್ಟ ಮೇಲೆಯೇ ಅದು ಹತೋಟಿಗೆ ಬಂದಿತು. ಕುಂಡದಲ್ಲಿ ಅಂದವಾದದ್ದು ಹೊಲದಲ್ಲಿ ಕಳೆಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕತ್ತರಿಸಿದ ತುಂಡುಗಳನ್ನು ಪೂರ್ತಿಯಾಗಿ ಒಣಗಿಸಿ ಸುಟ್ಟುಬಿಡುವುದು ಕ್ಷೇಮ.

೧೦. ಸಾರಾಂಶ

(೧) ತಳದಲ್ಲಿ ತೂತಿಲ್ಲದ ಕುಂಡವನ್ನು ಉಪಯೋಗಿಸಬೇಡಿರಿ.
(೨) ಗದ್ದೆಯ ಮಣ್ಣನ್ನೂ ಕೆರೆಗೋಡನ್ನೂ ಬಿಟ್ಟು, ಗರಸುಮಣ್ಣು ಮತ್ತು ದಪ್ಪ ಮರಳನ್ನು ಬೆರಸಿರಿ.
(೩) ಕಡ್ಡಿಯಿಂದ ಪರೀಕ್ಷಿಸಿ, ತಳದವರೆಗೆ ಒಣಗಿದ ಮೇಲೆ ಮಾತ್ರ ಧಾರಾಳವಾಗಿ ನೀರೆರೆಯಿರಿ.
(೪) ಹಸ್ತ, ಚಿತ್ತೆ, ಸ್ವಾತಿ ಮಳೆಗಳಲ್ಲಿ ಕುಂಡಗಳನ್ನು ಸೂರಿನ ಒಳಕ್ಕೆ ಸರಿಸಿರಿ.
(೫) ತಟ್ಟೆಯ ನೀರನ್ನು ಚೆಲ್ಲಿ, ವಾರಕ್ಕೊಮ್ಮೆ ತಟ್ಟೆಯನ್ನು ಉಜ್ಜಿ ತೊಳೆಯಿರಿ.
(೬) ತುಂಡುಗಳನ್ನು ಒಣಗಿಸಿಯೇ ನೆಡಿರಿ, ಬೇಡವಾದವುಗಳನ್ನು ಸುಟ್ಟುಬಿಡಿರಿ.

ತುಳಸಿಗೆ ನಿತ್ಯವೂ ಎರೆಯುವ ನೀರು ತುಳಸಿಗೇ ಇರಲಿ. ಅದರ ಪಕ್ಕದ ಲೋಳೆಸರಕ್ಕೆ ತನ್ನ ಸರದಿ ಬರುವವರೆಗೆ ಬಾಯಾರಿರಲು ಬಿಡುವುದೇ ನಿಜವಾದ ಆರೈಕೆ. ಈ ಸಂಯಮವನ್ನು ಮನೆಯ ಅಂಗಳದಲ್ಲಿ ಕಲಿತ ಜಮೀನುದಾರರು, ತೂಬಿನ ಬಾಗಿಲನ್ನು ಎತ್ತುವ ಮುನ್ನ ಬಸಿಗಾಲುವೆಯ ಕಡೆಗೂ ಒಮ್ಮೆ ನೋಡಿದರೆ, ಅವರ ಕುಂಡಗಳೂ ಗದ್ದೆಗಳೂ ಹಸುರಾಗಿ ಉಳಿಯುವುದರಲ್ಲಿ ಸಂದೇಹವಿಲ್ಲ.